ಧಾರೆಯ ಬೆಳಗಿನ ಅಲಂಕಾರ: ಕ್ಯಾಮೆರಾ ಯಾವಾಗ ಒಳಬರಬೇಕು, ಎಲ್ಲಿ ನಿಲ್ಲಬೇಕು

ಪ್ರಶ್ನೆ: ನಮ್ಮದು ಕಟಪಾಡಿಯ ಒಳಭಾಗದಲ್ಲಿರುವ ಹಳೆಯ ಹೆಂಚಿನ ಮನೆ. ಮೇ ತಿಂಗಳ ಮಧ್ಯಭಾಗದ ಒಂದು ಸೋಮವಾರ ನನ್ನ ಮದುವೆ. ಉಡುಪಿಯ ಹಾಲ್ ಒಂದರಲ್ಲಿ ಬೆಳಗ್ಗೆ 11.50ಕ್ಕೆ ಮುಹೂರ್ತ. ಮೇಕಪ್ ಮಾಡುವವರು ಮೂರು ಗಂಟೆ ಬೇಕೆಂದಿದ್ದಾರೆ. ಅಲಂಕಾರದ ಹೊತ್ತಿನ ಚಿತ್ರಗಳಿಗಾಗಿ ತನಗೆ ಒಂದೂವರೆ ಗಂಟೆ ಬೇಕೆಂದು ಫೋಟೋಗ್ರಾಫರ್ ಹೇಳುತ್ತಾರೆ. ಮನೆಯ ಕೋಣೆಗಳು ಕತ್ತಲೆ, ನೆಲ ಕೆಂಪು ಕಾವಿಯದು. ಆದ್ದರಿಂದ ಹಾಲ್‌ನ ಎಸಿ ಕೋಣೆಯಲ್ಲೇ ಸಿದ್ಧವಾಗುವುದು ಒಳ್ಳೆಯದೆಂದು ಅಪ್ಪನ ಅಭಿಪ್ರಾಯ. ಸೀರೆ ಉಡುವ ಕೋಣೆಗೆ ಕ್ಯಾಮೆರಾದವರು ಬರುವುದೇ ಅಮ್ಮನಿಗೆ ಇಷ್ಟವಿಲ್ಲ. ಧಾರೆ ಸೀರೆಯನ್ನಂತೂ ಹಾಲ್‌ಗೆ ಹೋದ ಮೇಲೆಯೇ ಉಡಿಸುವುದು. ಇವೆಲ್ಲವನ್ನೂ ಹೊಂದಿಸಿಕೊಳ್ಳುವುದು ಹೇಗೆ? ಮಂಗಳೂರಿನ ನನ್ನ ಗೆಳತಿಯದು ಸಂಜೆ ನಾಲ್ಕಕ್ಕೆ ಚರ್ಚ್‌ನಲ್ಲಿ ಮದುವೆ; ಅವಳಿಗೂ ಇದನ್ನೇ ಹೇಳಬಹುದೇ?

ಉತ್ತರ: ಮನೆಯೋ ಹಾಲೋ ಎಂಬ ಪ್ರಶ್ನೆಯಲ್ಲಿ ನನಗೆ ಅನುಮಾನವಿಲ್ಲ. ಮನೆಯಲ್ಲೇ ಸಿದ್ಧರಾಗಿ, ಹಾಲ್‌ನ ಕೋಣೆಯನ್ನು ಧಾರೆ ಸೀರೆ ಬದಲಿಸುವುದಕ್ಕಷ್ಟೇ ಬಳಸಿಕೊಳ್ಳಿ. ನಮ್ಮ ಜಿಲ್ಲೆಯ ಹೆಚ್ಚಿನ ಹಾಲ್‌ಗಳಲ್ಲಿ ವಧುವಿನ ಕೋಣೆಯೆಂದರೆ ಒಂದು ದೊಡ್ಡ ಕನ್ನಡಿ, ಅದರ ಸುತ್ತ ಬಲ್ಬುಗಳು, ಮಾಡಿನಲ್ಲಿ ಟ್ಯೂಬ್‌ಲೈಟ್, ಕಿಟಕಿ ಇದ್ದರೂ ಅದಕ್ಕೆ ಗಾಢ ಬಣ್ಣದ ಪರದೆ. ಅಲ್ಲಿ ಒಂಬತ್ತು ಗಂಟೆಯ ನಂತರ ಎರಡೂ ಕಡೆಯ ನೆಂಟರು ಬಂದು ಚೀಲ ಇಡುತ್ತಾರೆ, ಮಕ್ಕಳಿಗೆ ಬಟ್ಟೆ ಬದಲಿಸುತ್ತಾರೆ, ವಧುವನ್ನು ನೋಡಿ ಹೋಗುತ್ತಾರೆ. ಇದು ಯಾರ ತಪ್ಪೂ ಅಲ್ಲ. ಆ ಕೋಣೆ ಇರುವುದೇ ಅದಕ್ಕಾಗಿ. ಆದರೆ ನೀವು ಎಂಟು-ಹತ್ತು ವರ್ಷಗಳ ನಂತರ ಆಲ್ಬಮ್ ತೆರೆದಾಗ ನೋಡಲು ಬಯಸುವುದು ನಿಮ್ಮ ಚಾವಡಿಯನ್ನು, ನಿಮ್ಮ ಅಜ್ಜಿ ಕುಳಿತುಕೊಳ್ಳುತ್ತಿದ್ದ ಜಗಲಿಯನ್ನು. ಯಾವುದೋ ಬಾಡಿಗೆ ಕೋಣೆಯ ಪ್ಲೈವುಡ್ ಕಪಾಟನ್ನಲ್ಲ. ಎಸಿಯ ವಿಷಯದಲ್ಲಿ ನಿಮ್ಮ ತಂದೆಯವರ ಮಾತಿನಲ್ಲಿ ಅರ್ಥವಿದೆ, ಅದಕ್ಕೆ ಮುಂದೆ ಬರುತ್ತೇನೆ.

ಮನೆಯ ಕೋಣೆ ಕತ್ತಲೆ ಎಂದಿದ್ದೀರಿ. ಫೋಟೋಗ್ರಾಫರ್‌ಗೆ ಬೇಕಾದದ್ದು ಇಡೀ ಕೋಣೆ ತುಂಬುವ ಬೆಳಕಲ್ಲ, ಒಂದು ಕಿಟಕಿ. ಕತ್ತಲೆಯ ಕೋಣೆಯಲ್ಲಿ ಒಂದೇ ಕಿಟಕಿಯಿಂದ ಬರುವ ಬೆಳಕು ಮುಖದ ಒಂದು ಬದಿಯನ್ನು ಬೆಳಗಿಸಿ ಇನ್ನೊಂದು ಬದಿಯಲ್ಲಿ ಮೃದುವಾದ ನೆರಳು ಬೀಳಿಸುತ್ತದೆ. ಮೂಗುತಿ, ಜುಮುಕಿ, ಬೈತಲೆಬೊಟ್ಟುಗಳಿಗೆ ಆಳ ಬರುವುದು ಆ ನೆರಳಿನಿಂದಲೇ. ಹಿಂಬದಿಯಲ್ಲಿ ಮಡಚಿಟ್ಟ ಚಾಪೆ, ಸ್ಟೀಲ್ ಕಪಾಟು, ಸ್ವಿಚ್‌ಬೋರ್ಡ್ ಇದ್ದರೂ ಅವು ಕತ್ತಲೆಯಲ್ಲಿ ಮುಳುಗಿಹೋಗುತ್ತವೆ. ಬಿಳಿ ಟೈಲ್ಸ್ ಹಾಕಿದ, ನಾಲ್ಕೂ ಕಡೆ ದೀಪ ಉರಿಯುವ ಹೊಸ ಮನೆಗಳಿಗಿಂತ ಹಳೆಯ ಹೆಂಚಿನ ಮನೆಗಳಲ್ಲಿ ನನಗೆ ಉತ್ತಮ ಚಿತ್ರಗಳು ಸಿಕ್ಕಿವೆ.

ಆದರೆ ಕಾವಿ ನೆಲದ ಬಗ್ಗೆ ಎಚ್ಚರ ಬೇಕು. ಕಿಟಕಿಯಿಂದ ಬಿದ್ದ ಬೆಳಕು ಆ ಕೆಂಪು ನೆಲಕ್ಕೆ ತಾಗಿ ಮೇಲಕ್ಕೆ ಪುಟಿದಾಗ ಗದ್ದದ ಕೆಳಗೆ, ಕುತ್ತಿಗೆಗೆ, ಮೂಗಿನ ಅಡಿಗೆ ಕೆಂಪು ಛಾಯೆ ಬರುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ, ಚಿತ್ರದಲ್ಲಿ ಕಾಣುತ್ತದೆ, ಮತ್ತು ಮುಖದ ಒಂದು ಭಾಗಕ್ಕಷ್ಟೇ ಇರುವ ಆ ಬಣ್ಣವನ್ನು ಕಂಪ್ಯೂಟರಿನಲ್ಲಿ ತೆಗೆಯುವುದು ತಲೆನೋವಿನ ಕೆಲಸ. ಪರಿಹಾರ ಸುಲಭ. ನೀವು ಕುಳಿತುಕೊಳ್ಳುವ ಜಾಗದ ಸುತ್ತ ಎರಡು ಬಿಳಿ ಮುಂಡು ಅಥವಾ ಒಂದು ದೊಡ್ಡ ಬಿಳಿ ಬೆಡ್‌ಶೀಟ್ ಹಾಸಿ. ಕೆಂಪು ಮುಚ್ಚಿಹೋಗುವುದಷ್ಟೇ ಅಲ್ಲ, ಆ ಬಿಳಿ ಬಟ್ಟೆಯೇ ರಿಫ್ಲೆಕ್ಟರ್ ಆಗಿ ಕಣ್ಣಿನ ಕೆಳಗಿನ ನೆರಳನ್ನು ತುಂಬಿಕೊಡುತ್ತದೆ. ಸೀರೆಯ ಅಂಚು ನೆಲದ ಧೂಳಿಗೆ ತಾಗದಿರುವುದು ಅದರ ಜೊತೆಗೆ ಸಿಗುವ ಲಾಭ. ಕೋಣೆಯ ಗೋಡೆಗೆ ಗಿಳಿಹಸಿರು ಅಥವಾ ಕಡುಗುಲಾಬಿ ಬಣ್ಣವಿದ್ದರೂ ಇದೇ ತೊಂದರೆ. ನಿಮ್ಮ ಪಕ್ಕದ ಗೋಡೆಗೆ ಬಿಳಿ ಬಟ್ಟೆಯೊಂದನ್ನು ಇಳಿಬಿಟ್ಟರೆ ಸಾಕು.

ಇನ್ನೊಂದು, ನಮ್ಮ ಕಡೆಯ ಮನೆಗಳಲ್ಲಿ ಮಾತ್ರ ಬರುವ ತೊಡಕು: ಚಪ್ಪರ. ಮೇ ಮಧ್ಯಭಾಗಕ್ಕೆ ಸಂಜೆಯ ಗುಡುಗು ಮಳೆ ಶುರುವಾಗಿರುತ್ತದೆಯೆಂದು ಅಂಗಳಕ್ಕೆಲ್ಲ ನೀಲಿ ಟಾರ್ಪಾಲು ಹೊದೆಸುತ್ತಾರೆ, ಅದು ಕಿಟಕಿಯ ಮೇಲೆಯೂ ಚಾಚಿಕೊಳ್ಳುತ್ತದೆ. ಆಗ ಕಿಟಕಿಯಿಂದ ಬರುವ ಬೆಳಕು ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಬಂದದ್ದೂ ನೀಲಿಯಾಗಿರುತ್ತದೆ. ಮೂರು ಗಂಟೆ ಶ್ರಮಪಟ್ಟು ಹಾಕಿದ ಮೇಕಪ್‌ನಲ್ಲಿ ವಧು ಜ್ವರ ಬಂದವಳಂತೆ ಕಾಣುತ್ತಾಳೆ. ಚಪ್ಪರದವರು ಬಂದ ದಿನವೇ ಅವರೊಂದಿಗೆ ಮಾತಾಡಿ, ನಿಮ್ಮ ಅಲಂಕಾರದ ಕೋಣೆಯ ಕಿಟಕಿಯ ಮುಂದೆ ಕನಿಷ್ಠ ಹತ್ತು ಅಡಿ ತೆರೆದೇ ಬಿಡಿಸಿ, ಇಲ್ಲವೇ ಆ ಭಾಗಕ್ಕೆ ಬಿಳಿ ಬಟ್ಟೆ ಕಟ್ಟಿಸಿ. ಕಿಟಕಿಗೆ ತಾಗಿಕೊಂಡು ಬಾಳೆಯೋ ಕ್ರೋಟನ್ ಗಿಡವೋ ಇದ್ದರೆ ಅದರ ಹಸಿರು ಕೂಡ ಮುಖದ ಮೇಲೆ ಬರುತ್ತದೆ. ನಾಲ್ಕು ಎಲೆ ಕಡಿದರೆ ಗಿಡ ಸಾಯುವುದಿಲ್ಲ.

ಯಾವ ಕೋಣೆ ಎಂಬುದನ್ನು ಮದುವೆಗೆ ಒಂದು ವಾರ ಮೊದಲೇ ತೀರ್ಮಾನಿಸಿ. ಬೆಳಗ್ಗೆ ಏಳೂವರೆಯಿಂದ ಎಂಟೂವರೆಯ ಒಳಗೆ ಪ್ರತಿ ಕೋಣೆಯಲ್ಲೂ ದೀಪಗಳನ್ನೆಲ್ಲ ಆರಿಸಿ, ತಂಗಿಯನ್ನೋ ಅತ್ತಿಗೆಯನ್ನೋ ಕಿಟಕಿಯಿಂದ ಮೂರು-ನಾಲ್ಕು ಅಡಿ ದೂರ ಕೂರಿಸಿ, ಮೊಬೈಲಿನಲ್ಲಿ ಒಂದೊಂದು ಚಿತ್ರ ತೆಗೆಯಿರಿ. ಪೂರ್ವದ ಕಿಟಕಿಯಲ್ಲಿ ಆ ಹೊತ್ತಿಗೆ ಎಳೆಬಿಸಿಲು ನೇರ ಮುಖಕ್ಕೆ ಹೊಡೆದು ಕಣ್ಣು ಕಿರಿದಾಗುತ್ತದೆ; ತೆಳು ಬಿಳಿ ಪರದೆ ಇಳಿಬಿಟ್ಟರೆ ಅದೇ ಬಿಸಿಲು ಹಾಲಿನಂತಾಗುತ್ತದೆ. ಉತ್ತರದ ಕಿಟಕಿ ಸಿಕ್ಕಿದರೆ ಪರದೆಯೂ ಬೇಡ. ಆ ಚಿತ್ರಗಳನ್ನು ಫೋಟೋಗ್ರಾಫರ್‌ಗೆ ಕಳುಹಿಸಿ. ಕೋಣೆ ನೋಡದೆ ಮದುವೆಯ ದಿನ ನೇರವಾಗಿ ಬರುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ದೀಪ ಆರಿಸಬೇಕೆಂದು ಹೇಳಿದ್ದಕ್ಕೆ ಕಾರಣವಿದೆ. ಬೆಳಕಿನ ಬಣ್ಣವನ್ನು ಅಳೆಯುವ ಲೆಕ್ಕದಲ್ಲಿ ಹಳದಿ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್, ಹಗಲಿನ ಬೆಳಕು 5500 ಕೆಲ್ವಿನ್‌ನ ಆಸುಪಾಸು. ಎರಡೂ ಒಟ್ಟಿಗೆ ಮುಖಕ್ಕೆ ಬಿದ್ದರೆ ಒಂದು ಕೆನ್ನೆ ಕಿತ್ತಳೆ, ಇನ್ನೊಂದು ನೀಲಿ. ಕ್ಯಾಮೆರಾ ಯಾವುದಾದರೂ ಒಂದನ್ನು ಮಾತ್ರ ಸರಿಪಡಿಸಬಲ್ಲದು. ಮೇಕಪ್ ಮಾಡುವವರು ನಸುಕಿನಲ್ಲಿ ತಮ್ಮ ದೀಪ ಉರಿಸಿಯೇ ಕೆಲಸ ಮಾಡಬೇಕಾಗುತ್ತದೆ, ಅದನ್ನು ತಡೆಯಬೇಡಿ. ಬೆಳಕು ಹರಿದು ಕ್ಯಾಮೆರಾ ಕೋಣೆಗೆ ಬಂದ ಮೇಲೆ ಮಾತ್ರ ಎಲ್ಲವನ್ನೂ ಆರಿಸಿ. ಹಾಲ್‌ನ ಕೋಣೆಯಲ್ಲಿ ಈ ಸ್ವಾತಂತ್ರ್ಯ ಇರುವುದಿಲ್ಲ. ಅಲ್ಲಿಯ ಕೆಲವು ದೀಪಗಳು 50 ಹರ್ಟ್ಸ್‌ನ ವಿದ್ಯುತ್ತಿಗೆ ತಕ್ಕಂತೆ ಸೆಕೆಂಡಿಗೆ 100 ಬಾರಿ ಮಿಡಿಯುವುದರಿಂದ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಬರಬಹುದು. ಶಟರ್ ವೇಗವನ್ನು ಸೆಕೆಂಡಿನ 1/50 ಅಥವಾ 1/100ಕ್ಕೆ ಇಟ್ಟರೆ ಅವು ಹೋಗುತ್ತವೆ. ನಿಮ್ಮ ಫೋಟೋಗ್ರಾಫರ್‌ಗೆ ಇದು ತಿಳಿದೇ ಇರುತ್ತದೆ. ವಿಡಿಯೋ ಮಾಡುವ ತಮ್ಮನಿಗೆ ಹೇಳಿಕೊಡಿ.

ಈಗ ಗಡಿಯಾರ. ಮದುವೆಯ ಬೆಳಗಿನ ಲೆಕ್ಕವನ್ನು ಮುಹೂರ್ತದಿಂದ ಹಿಂದಕ್ಕೆ ಎಣಿಸಬೇಕು, ಏಳುವ ಹೊತ್ತಿನಿಂದ ಮುಂದಕ್ಕಲ್ಲ. ನಿಮ್ಮ ವಿಷಯದಲ್ಲಿ ಅದಕ್ಕೂ ಮೊದಲು ಒಂದು ಪ್ರಶ್ನೆಯಿದೆ: ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು. ಮನೆಯ ಹಿರಿಯರು ಆ ಹೊತ್ತಿನಲ್ಲಿ ದಿಬ್ಬಣ ಹೊರಡಲು ಒಪ್ಪುವುದಿಲ್ಲವೆಂದಾದರೆ ನೀವು ಏಳೂಕಾಲಿಗೇ ಹೊರಡಬೇಕು, ಇಲ್ಲವೇ ಒಂಬತ್ತರ ನಂತರ. ಏಳೂಕಾಲಿಗೆ ಹೊರಡುವುದಾದರೆ ಮೇಕಪ್ ಮೂರೂವರೆಗೆ ಶುರುವಾಗಬೇಕು, ಎಲ್ಲವೂ ದೀಪದ ಬೆಳಕಿನಲ್ಲೇ ಮುಗಿಯುತ್ತದೆ, ನಿದ್ದೆಗೆಟ್ಟ ಕಣ್ಣು ಬೇರೆ. ನಾನಾದರೆ ಒಂಬತ್ತರ ನಂತರದ್ದನ್ನೇ ಆರಿಸುತ್ತೇನೆ. ಈ ಒಂದು ಮಾತನ್ನು ಅಜ್ಜನಲ್ಲೋ ದೊಡ್ಡಪ್ಪನಲ್ಲೋ ತಿಂಗಳ ಮೊದಲೇ ಕೇಳಿಟ್ಟುಕೊಳ್ಳಿ. ಮದುವೆಯ ದಿನ ಬೆಳಗ್ಗೆ ಏಳು ಗಂಟೆಗೆ ಯಾರೋ ಕ್ಯಾಲೆಂಡರ್ ನೋಡಿ ಗಡಿಬಿಡಿ ಎಬ್ಬಿಸಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದೇನೆ.

ಒಂಬತ್ತು ಗಂಟೆ ಐದು ನಿಮಿಷಕ್ಕೆ ಕಾರು ಹೊರಡುತ್ತದೆ ಎಂದಿಟ್ಟುಕೊಳ್ಳೋಣ. ಕಟಪಾಡಿಯಿಂದ ಉಡುಪಿಗೆ ಸುಮಾರು ಹತ್ತು ಕಿಲೋಮೀಟರ್; ಬೇರೆ ದಿನ ಇಪ್ಪತ್ತು ನಿಮಿಷದ ದಾರಿ, ಮೇ ತಿಂಗಳ ಮದುವೆಯ ದಿನ ಮುಕ್ಕಾಲು ಗಂಟೆ ಎಂದೇ ಲೆಕ್ಕ ಹಾಕಿ. ಹತ್ತಕ್ಕೆ ಮೊದಲು ಹಾಲ್ ತಲುಪಿದರೆ ಧಾರೆ ಸೀರೆ ಬದಲಿಸಲು, ಬೆವರು ಒರೆಸಿ ಮೇಕಪ್ ಸರಿಪಡಿಸಲು ಸಾಕಷ್ಟು ಹೊತ್ತಿರುತ್ತದೆ. ಹಿಂದಕ್ಕೆ ಬಂದರೆ, ಹೊರಡುವ ಮೊದಲು ದೇವರಿಗೆ, ದೈವಕ್ಕೆ ಕೈಮುಗಿದು ಹಿರಿಯರ ಕಾಲಿಗೆ ಬೀಳುವುದಕ್ಕೆ ಇಪ್ಪತ್ತೈದು ನಿಮಿಷ ಬೇಕು. ನಾಲ್ಕು ಜನರಿಗೆ ನಮಸ್ಕರಿಸಿ ಮುಗಿಯಿತು ಎನ್ನುವಷ್ಟರಲ್ಲಿ ಐದನೆಯವರು ಬಂದಿರುತ್ತಾರೆ. ಹಾಗಾಗಿ 8.40ಕ್ಕೆ ನೀವು ಚಾವಡಿಯಲ್ಲಿರಬೇಕು. ಅದಕ್ಕೂ ಮೊದಲಿನ ಇಪ್ಪತ್ತೈದು ನಿಮಿಷ, ಅಂದರೆ 8.15ರಿಂದ 8.40, ಕಿಟಕಿಯ ಬಳಿ ನಿಮ್ಮ ಒಂಟಿ ಚಿತ್ರಗಳಿಗೆ, ಅಮ್ಮನೊಂದಿಗೆ, ಅಜ್ಜಿಯೊಂದಿಗೆ. ಇಡೀ ಬೆಳಗಿನಲ್ಲಿ ನೀವು ಕಾದುಕೊಳ್ಳಬೇಕಾದದ್ದು ಇದನ್ನೇ. ಸೀರೆ ಉಟ್ಟು 8.15ಕ್ಕೆ ಮುಗಿಯಬೇಕಾದರೆ ಮೂರು ಗಂಟೆಯ ಮೇಕಪ್ ಐದಕ್ಕೆ ಶುರುವಾಗಬೇಕು. ಮೇಕಪ್‌ನವರು ಮೂರು ಗಂಟೆ ಎಂದಾಗ ಅದರಲ್ಲಿ ಕೂದಲು, ಸೀರೆ, ಒಡವೆ ಎಲ್ಲ ಸೇರಿದೆಯೇ ಎಂದು ಕೇಳಿ; ಎಷ್ಟೋ ಸಲ ಸೇರಿರುವುದಿಲ್ಲ. ಸೇರಿಲ್ಲವಾದರೆ ನಾಲ್ಕೂವರೆಗೆ ಕೂರಿ.

ಹಾಗಾದರೆ ಫೋಟೋಗ್ರಾಫರ್ ಕೇಳಿದ ಒಂದೂವರೆ ಗಂಟೆ ಹೆಚ್ಚಾಯಿತೇ? ಇಲ್ಲ, ಆದರೆ ಆ ಒಂದೂವರೆ ಗಂಟೆಯೂ ನಿಮ್ಮದಾಗಬೇಕಿಲ್ಲ. ಅವರು 6.45ಕ್ಕೆ ಬರಲಿ. ಮೇ ಮಧ್ಯಭಾಗದಲ್ಲಿ ಉಡುಪಿಯಲ್ಲಿ ಸೂರ್ಯೋದಯ ಆರು ಗಂಟೆಯ ಸುಮಾರಿಗೆ. ಮುಕ್ಕಾಲು ಗಂಟೆಯಲ್ಲಿ ಕೋಣೆಯೊಳಗೂ ಬೆಳಕು ಬಂದಿರುತ್ತದೆ. ಮೊದಲ ಅರ್ಧ ಗಂಟೆ ಅವರು ಮನೆಯನ್ನೂ ಚಪ್ಪರವನ್ನೂ ಸೀರೆ-ಒಡವೆಗಳನ್ನೂ ತೆಗೆಯುತ್ತಾರೆ. 7.15ರಿಂದ ಹದಿನೈದು ನಿಮಿಷ ಮೇಕಪ್‌ನ ಕೊನೆಯ ಹಂತ. ಮುಖಕ್ಕೆ ಫೌಂಡೇಶನ್ ಬಳಿದು ಅರ್ಧ ಬಣ್ಣವಾಗಿರುವಾಗಿನ ಚಿತ್ರಗಳನ್ನು ಯಾವ ವಧುವೂ ಆಲ್ಬಮ್‌ಗೆ ಹಾಕಿಸಿದ್ದನ್ನು ನಾನು ನೋಡಿಲ್ಲ. ಕಾಡಿಗೆ ತೀಡುವುದು, ತುಟಿಗೆ ಬಣ್ಣ, ಬೊಟ್ಟು ಇವಿಷ್ಟೇ ಬೇಕಾದವು. ಬೇಕಿದ್ದರೆ ಮುಗಿದ ಮೇಲೆ ಒಣ ಬ್ರಷ್ ಹಿಡಿದು ಇನ್ನೊಮ್ಮೆ ಮಾಡಿಸಬಹುದು. ಇದು ನಾಟಕವಲ್ಲವೇ ಎಂದು ಕೆಲವರು ಕೇಳುತ್ತಾರೆ. ನಾಟಕವೇ. ಆದರೆ ಮೇಕಪ್‌ನವರ ಮೊಣಕೈ ಅಡ್ಡ ಬಂದ ನೂರು ನಿಜವಾದ ಚಿತ್ರಗಳಿಗಿಂತ ಅದು ವಾಸಿ.

7.30ಕ್ಕೆ ಸೀರೆ, ಮತ್ತು ಇಲ್ಲಿ ನಿಮ್ಮ ತಾಯಿಯವರ ಮಾತು ಪೂರ್ತಿ ಸರಿ. ಕ್ಯಾಮೆರಾ ಹೊರಗೆ ಹೋಗಬೇಕು, ಬಾಗಿಲು ಹಾಕಬೇಕು. ನಾನು ಕೆಲಸ ಮಾಡುವ ಕ್ರಮ ಇಷ್ಟು: ರವಿಕೆಯಿಂದ ಹಿಡಿದು ನೆರಿಗೆ ಸಿಕ್ಕಿಸಿ ಸೆರಗಿಗೆ ಪಿನ್ ಹಾಕುವವರೆಗೆ ಕೋಣೆಯಲ್ಲಿ ಕ್ಯಾಮೆರಾ ಇರುವುದಿಲ್ಲ, ಗಂಡಾಗಲಿ ಹೆಣ್ಣಾಗಲಿ; ಮೊಬೈಲೂ ಇರುವುದಿಲ್ಲ. ಮೊಬೈಲಿನ ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ತೊಂದರೆಯಾಗುವುದು ಫೋಟೋಗ್ರಾಫರ್‌ನಿಂದ ಕಡಿಮೆ, ಸ್ಟೇಟಸ್ ಹಾಕುವ ಆತುರದ ನೆಂಟರಿಂದ ಹೆಚ್ಚು. ಸೆರಗು ನಿಂತ ಮೇಲೆ ಮೇಕಪ್‌ನವರೇ ಬಾಗಿಲು ತೆರೆದು ಕರೆಯುತ್ತಾರೆ. ಅಮ್ಮ ನೆರಿಗೆಯ ತುದಿ ಸರಿಪಡಿಸುವುದು, ಚಿಕ್ಕಮ್ಮ ಸೊಂಟದ ಪಟ್ಟಿ ಬಿಗಿಯುವುದು, ಬಳೆ ತೊಡಿಸುವುದು, ಜಡೆಗೆ ಹೂ ಮುಡಿಸುವುದು ಎಲ್ಲವೂ ಆಮೇಲಿನವು, ಮತ್ತು ಚಿತ್ರಕ್ಕೆ ಚಂದ ಕೊಡುವುದೂ ಅವೇ. ನಿಮ್ಮ ಫೋಟೋಗ್ರಾಫರ್ ತಂಡದಲ್ಲಿ ಹೆಣ್ಣುಮಗಳೊಬ್ಬರಿದ್ದರೆ ಈ ಹೊತ್ತಿಗೆ ಅವರನ್ನೇ ಕೇಳಿ; ಇಂದು ಮಂಗಳೂರಿನಲ್ಲೂ ಉಡುಪಿಯಲ್ಲೂ ಅಂಥವರು ಸಿಗುತ್ತಾರೆ. ಆದರೆ ಹೆಣ್ಣುಮಗಳೆಂದ ಮಾತ್ರಕ್ಕೆ ಬಾಗಿಲಿನ ನಿಯಮ ಸಡಿಲವಾಗಬೇಕಿಲ್ಲ. ಈ ಗೆರೆ ಎಲ್ಲಿದೆ ಎಂಬುದನ್ನು ಅಮ್ಮನ ಎದುರಿನಲ್ಲೇ ಫೋಟೋಗ್ರಾಫರ್‌ಗೆ ಹೇಳಿಬಿಡಿ; ಅವರ ಅರ್ಧ ಆತಂಕ ಅಲ್ಲಿಗೆ ಇಳಿಯುತ್ತದೆ.

ಎಸಿಯ ವಿಷಯಕ್ಕೆ ಬರುತ್ತೇನೆ. ಮೇ ತಿಂಗಳ ಕರಾವಳಿಯಲ್ಲಿ ಬೆವರು ಒಣಗುವುದಿಲ್ಲ, ಇಳಿಯುತ್ತದೆ. ಫ್ಯಾನ್ ಹಾಕಿದರೆ ಕೂದಲು ಹಾರುತ್ತದೆ, ಪೌಡರ್ ಹಾರುತ್ತದೆ. ಮನೆಯಲ್ಲಿ ಒಂದು ಕೋಣೆಗೆ ಎಸಿ ಇದ್ದರೆ ಮೇಕಪ್ ಅಲ್ಲಿ ಆಗಲಿ, ಚಿತ್ರಗಳು ಕಿಟಕಿಯ ಕೋಣೆಯಲ್ಲಿ ಆಗಲಿ. ಆದರೆ ಎಸಿ ಕೋಣೆಯಲ್ಲಿ ತಣ್ಣಗಾದ ಲೆನ್ಸ್ ಹೊರಗಿನ ತೇವದ ಗಾಳಿಗೆ ಬಂದ ಕೂಡಲೇ ಮಂಜು ಹಿಡಿದಂತಾಗುತ್ತದೆ, ಬಟ್ಟೆಯಲ್ಲಿ ಒರೆಸಿದರೂ ಮತ್ತೆ ಕಟ್ಟುತ್ತದೆ. ಲೆನ್ಸ್ ಬಿಸಿಯಾಗುವವರೆಗೆ ಕಾಯದೆ ವಿಧಿಯಿಲ್ಲ, ಅದಕ್ಕೆ ಹತ್ತು-ಹದಿನೈದು ನಿಮಿಷ ಹೋಗುತ್ತದೆ. ಆದ್ದರಿಂದ ಒಂದು ಕ್ಯಾಮೆರಾ ಹೊರಗೇ ಇರಲಿ. ಇನ್ವರ್ಟರ್ ಇದೆಯೇ, ಹೇರ್ ಸ್ಟ್ರೈಟ್ನರ್‌ನ ಭಾರವನ್ನು ಅದು ತಡೆಯುತ್ತದೆಯೇ ಎಂದೂ ನೋಡಿಕೊಳ್ಳಿ; ರಾತ್ರಿಯ ಗುಡುಗಿಗೆ ಹೋದ ಕರೆಂಟು ಬೆಳಗ್ಗೆ ಬಂದೇ ಬರುತ್ತದೆಂದು ನಮ್ಮಲ್ಲಿ ಯಾರೂ ಮಾತು ಕೊಡುವುದಿಲ್ಲ. ಬೆವರು ನಿಲ್ಲಿಸಲು ಕೊನೆಯಲ್ಲಿ ಹಾಕುವ ಕೆಲವು ನುಣುಪು ಪೌಡರ್‌ಗಳಲ್ಲಿ ಸಿಲಿಕಾ ಇರುತ್ತದೆ, ಸನ್‌ಸ್ಕ್ರೀನ್‌ಗಳಲ್ಲಿ ಝಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್. ಕಣ್ಣಿಗೆ ಏನೂ ಕಾಣದಿದ್ದರೂ ಫ್ಲ್ಯಾಶ್ ಬಿದ್ದಾಗ ಅವು ಬೆಳಕನ್ನು ಹಿಂದಕ್ಕೆ ಹೊಡೆದು ಮುಖಕ್ಕೆ ಹಿಟ್ಟು ಬಳಿದಂತೆ ತೋರಿಸುತ್ತವೆ. ಮೇಕಪ್ ಟ್ರಯಲ್ ದಿನ ಕತ್ತಲೆಯ ಕೋಣೆಯಲ್ಲಿ ಮೊಬೈಲ್ ಫ್ಲ್ಯಾಶ್ ಹಾಕಿ ಒಂದು ಚಿತ್ರ ತೆಗೆದರೆ ಸತ್ಯ ತಿಳಿಯುತ್ತದೆ. ಮಂಟಪದಲ್ಲಿ ಫ್ಲ್ಯಾಶ್ ಇಲ್ಲದೆ ನಡೆಯುವುದಿಲ್ಲವಾದ್ದರಿಂದ ಈ ಪರೀಕ್ಷೆ ಬಿಡಬೇಡಿ.

ಹೂವಿನ ಬಗ್ಗೆ ನೀವು ಕೇಳಿಲ್ಲ, ಆದರೂ ಕಟಪಾಡಿಯವರಿಗೆ ಹೂವಿನ ಮಾತು ಹೇಳದೆ ಹೇಗಿರಲಿ, ಮಲ್ಲಿಗೆಗೆ ಹೆಸರಾದ ಶಂಕರಪುರ ನಿಮ್ಮ ಪಕ್ಕದಲ್ಲೇ ಇದೆ. ಮಲ್ಲಿಗೆ ಮಾರುವ ಅಳತೆಯಾದ ಅಟ್ಟೆಗೆ ನಾಲ್ಕು ಚೆಂಡು (ಕಟ್ಟಿದ ಹೂವಿನ ಸುರುಳಿ), ಚೆಂಡಿಗೆ ಸುಮಾರು 800 ಮೊಗ್ಗು ಎಂಬ ಲೆಕ್ಕ ನಿಮಗೆ ಗೊತ್ತು; ನಾನು ಹೇಳುವುದು ಗಡಿಯಾರದ ಲೆಕ್ಕ. ಬೆಳಗ್ಗೆ ಕೊಯ್ದ ಮೊಗ್ಗು ಅಂದಿನ ಸಂಜೆ ಅರಳುತ್ತದೆ. ಒಂಬತ್ತಕ್ಕೆ ಹೊರಡುವ ವಧುವಿನ ಜಡೆಗೆ ಅಂದಿನ ಹೂ ಕಟ್ಟಿ ಕೈಗೆ ಬರುವುದು ಕಷ್ಟ, ಹೀಗಾಗಿ ಭಾನುವಾರದ ಹೂವೇ ಗತಿ. ಅದನ್ನು ಹೊರಗೆ ಇಟ್ಟರೆ ಸೋಮವಾರ ಬೆಳಗ್ಗೆ ಪೂರ್ತಿ ಅರಳಿ, ಅಂಚು ಕಂದಲು ಶುರುವಾಗಿರುತ್ತದೆ. ಚಿತ್ರದಲ್ಲಿ ಮೊಗ್ಗಿಗೂ ಅರಳಿದ ಹೂವಿಗೂ ಬಹಳ ವ್ಯತ್ಯಾಸ. ಬಿಗಿಯಾಗಿ ಕಟ್ಟಿದ ಮೊಗ್ಗುಗಳ ನಡುವೆ ಸಣ್ಣ ಸಣ್ಣ ನೆರಳುಗಳಿದ್ದು ಪ್ರತಿಯೊಂದೂ ಎಣಿಸುವಂತೆ ಕಾಣುತ್ತದೆ, ಅರಳಿದ ಹೂವು ಕಪ್ಪು ಕೂದಲಿನ ಮೇಲೆ ಬರಿಯ ಬಿಳಿ ಗುಡ್ಡೆಯಾಗುತ್ತದೆ. ಆದ್ದರಿಂದ ಹೂವನ್ನು ತಂದ ಬಾಳೆಎಲೆಯ ಕಟ್ಟಿನಲ್ಲೇ, ಮೇಲೆ ಒದ್ದೆ ಬಟ್ಟೆ ಸುತ್ತಿ, ಫ್ರಿಜ್‌ನ ತರಕಾರಿ ಡಬ್ಬದಲ್ಲಿಡಿ, ಫ್ರೀಜರ್‌ನಲ್ಲಲ್ಲ, ಅರಳುವುದು ನಿಧಾನವಾಗುತ್ತದೆ. ಅಲಂಕಾರದಲ್ಲಿ ಎಲ್ಲದಕ್ಕಿಂತ ಕೊನೆಗೆ ಅದನ್ನು ಮುಡಿಸಿ. ಹಾಲ್‌ನಲ್ಲಿ ಧಾರೆ ಸೀರೆ ಉಟ್ಟ ಮೇಲೆ ಮುಡಿಯಲು ಇನ್ನೊಂದು ಚೆಂಡು ಅದೇ ದಿನದ್ದು ತರಿಸಿಕೊಳ್ಳುವುದು ಸಾಧ್ಯವಾದರೆ ಒಳ್ಳೆಯದು. ಹೂವಿನ ಬಿಳಿ ಕೆಡದಂತೆ ಬೆಳಕಿನ ಅಳತೆ ಇಡಿ, ಕೂದಲಿನ ಕಪ್ಪನ್ನು ಆಮೇಲೆ ಎತ್ತಬಹುದು ಎಂದು ಫೋಟೋಗ್ರಾಫರ್‌ಗೆ ಹೇಳುವ ಅಗತ್ಯ ಬರಲಾರದು. ಆದರೆ ಆಲ್ಬಮ್‌ನಲ್ಲಿ ಮಲ್ಲಿಗೆ ಹತ್ತಿಯಂತೆ ಕಂಡರೆ ತಪ್ಪು ಎಲ್ಲಾಯಿತೆಂದು ನಿಮಗೆ ತಿಳಿದಿರಲಿ.

ಮದರಂಗಿಗೂ ಇಂಥದ್ದೇ ಲೆಕ್ಕ. ಅದರ ಬಣ್ಣ ಮೊದಲು ಕಿತ್ತಳೆಯಾಗಿದ್ದು, ಒಂದರಿಂದ ಎರಡು ದಿನಗಳಲ್ಲಿ ಗಾಢ ಕೆಂಪು-ಕಂದಾಗುತ್ತದೆ. ಭಾನುವಾರ ಸಂಜೆಯ ಮದರಂಗಿ ಕಾರ್ಯಕ್ರಮದಲ್ಲಿ ಹಚ್ಚಿಸಿಕೊಂಡರೆ ಸೋಮವಾರದ ಚಿತ್ರದಲ್ಲಿ ಕೈ ಕಿತ್ತಳೆಯಾಗಿಯೇ ಉಳಿಯುತ್ತದೆ. ಮುಖ್ಯ ಚಿತ್ತಾರ ಶನಿವಾರವೇ ಆಗಲಿ. ಭಾನುವಾರ ಶಾಸ್ತ್ರಕ್ಕೊಂದು ಬೊಟ್ಟು ಇಟ್ಟರೆ ಸಾಕು.

ಒಡವೆಗಳನ್ನು ಹಾಸಿಗೆಯ ಮೇಲೆ ಹರಡಿ ತೆಗೆಯುವ ಚಿತ್ರಗಳ ಬಗ್ಗೆ ನನ್ನ ಉತ್ಸಾಹ ಈಗ ಕಡಿಮೆಯಾಗಿದೆ, ಕಾರಣ ನನ್ನದೇ ಒಂದು ತಪ್ಪು. ಹಲವು ವರ್ಷಗಳ ಹಿಂದೆ ಮಂಗಳೂರಿನ ಹೊರವಲಯದ ಒಂದು ಮನೆಯಲ್ಲಿ ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಹಾಕಿಕೊಂಡು ಹವಳದ ಸರವನ್ನು ವೀಳ್ಯದೆಲೆಯ ಮೇಲೆ ಹೀಗಿಟ್ಟು ಹಾಗಿಟ್ಟು ನಲವತ್ತು ನಿಮಿಷ ಕಳೆದೆ. ಆ ಹೊತ್ತಿನಲ್ಲೇ ಪಕ್ಕದ ಕೋಣೆಯಲ್ಲಿ, ಎದ್ದು ನಡೆಯಲಾಗದ ಅಜ್ಜಿಯನ್ನು ಕುರ್ಚಿಯಲ್ಲಿ ಎತ್ತಿ ತಂದು, ಅವರ ಕೈಯಿಂದ ಮೊಮ್ಮಗಳಿಗೆ ಬೊಟ್ಟು ಇಡಿಸಿದರು. ನಾನು ಹೋಗುವಷ್ಟರಲ್ಲಿ ಕುರ್ಚಿ ಮರಳಿ ಹೋಗಿತ್ತು. ಇನ್ನೊಮ್ಮೆ ಮಾಡಿಸಿ ಎಂದು ಕೇಳುವಂಥದ್ದಾಗಿರಲಿಲ್ಲ ಅದು. ಅಂದಿನಿಂದ ಒಡವೆಗೆ ಹತ್ತೇ ನಿಮಿಷ. ನಿಮಗೂ ಅದೇ ಸಾಕು, ಅದೂ ಮನೆಯವರೊಬ್ಬರು ಎದುರಿನಲ್ಲಿದ್ದು, ಇಡುವಾಗ ಎಣಿಸಿ, ತೆಗೆಯುವಾಗ ಎಣಿಸಿ. ಮದುವೆ ಮನೆಯಲ್ಲಿ ಬಂಗಾರ ಹಾಸಿಗೆಯ ಮೇಲೆ ಹರಡಿರುವಾಗ ಬಾಗಿಲು ತೆರೆದಿರಬಾರದು. ಆ ಚಿತ್ರಗಳು ಅಂದೇ ಯಾರ ಸ್ಟೇಟಸ್‌ಗೂ ಹೋಗಬಾರದು. ಕರಿಮಣಿ ನಿಮ್ಮ ಮನೆಯಲ್ಲೇ ಇದ್ದರೆ, ಕಟ್ಟುವುದಕ್ಕೆ ಮೊದಲು ಅದರ ಚಿತ್ರ ತೆಗೆಯುವುದು ಹಿರಿಯರಿಗೆ ಒಪ್ಪಿಗೆಯೇ ಎಂದು ಕೇಳಿ, ಬೇಡವೆಂದರೆ ಬಿಡಿ.

ಕೋಣೆಯಲ್ಲಿ ಎಷ್ಟು ಜನ ಎಂಬುದು ಚಿತ್ರದ ಗುಣವನ್ನು ಲೆನ್ಸ್‌ಗಿಂತ ಹೆಚ್ಚು ನಿರ್ಧರಿಸುತ್ತದೆ. ಚಿಕ್ಕ ಕೋಣೆಯಲ್ಲಿ ಜನ ತುಂಬಿದರೆ ಫೋಟೋಗ್ರಾಫರ್ ಹಿಂದೆ ಸರಿಯಲಾಗದೆ ವೈಡ್ ಲೆನ್ಸ್ ಹಾಕುತ್ತಾರೆ. ಹತ್ತಿರದಿಂದ ವೈಡ್ ಲೆನ್ಸ್‌ನಲ್ಲಿ ತೆಗೆದ ಮುಖದಲ್ಲಿ ಮೂಗು ದೊಡ್ಡದಾಗಿ, ಕಿವಿ ಹಿಂದೆ ಹೋಗುತ್ತದೆ. 50 ಅಥವಾ 85 ಎಂಎಂ ಲೆನ್ಸ್‌ಗೆ ಆರೇಳು ಅಡಿ ಜಾಗ ಬೇಕು. ಒಬ್ಬ ಫೋಟೋಗ್ರಾಫರ್, ಒಬ್ಬ ವಿಡಿಯೋದವರು, ಮೇಕಪ್‌ನವರು, ಮನೆಯವರು ಮೂವರು. ಅದಕ್ಕಿಂತ ಹೆಚ್ಚು ಬೇಡ. ವಿಡಿಯೋದವರು ತಮ್ಮ ಎಲ್ಇಡಿ ದೀಪ ಹಚ್ಚಿದರೆ ಕಿಟಕಿಯ ಬೆಳಕಿಗೆ ಅರ್ಥವೇ ಉಳಿಯುವುದಿಲ್ಲ, ಆದ್ದರಿಂದ ಇಬ್ಬರನ್ನೂ ಮೊದಲೇ ಫೋನಿನಲ್ಲಿ ಮಾತಾಡಿಸಿಬಿಡಿ. ಬಾಗಿಲ ಬಳಿ ನಿಲ್ಲಲು ಗಟ್ಟಿ ಬಾಯಿಯ ಚಿಕ್ಕಮ್ಮನೊಬ್ಬರನ್ನು ಗೊತ್ತುಮಾಡಿ. ಇಂಥ ಕೆಲಸಕ್ಕೆ ಮೃದು ಸ್ವಭಾವದವರು ಆಗುವುದಿಲ್ಲ.

ಮಂಗಳೂರಿನ ನಿಮ್ಮ ಗೆಳತಿಗೂ ಇದನ್ನೇ ಹೇಳಬಹುದೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಅವರದು ಇಗರ್ಜಿಯ ಮದುವೆ, ಸಂಜೆ ನಾಲ್ಕಕ್ಕೆ. ಗೆರೆಗಳು ಇವೇ, ದಿಕ್ಕು ಮಾತ್ರ ಬೇರೆ: ಮಧ್ಯಾಹ್ನದ ನಂತರ ಪಶ್ಚಿಮದ ಕಿಟಕಿಯೇ ಕಣ್ಣು ಕುಕ್ಕುತ್ತದೆ, ಮತ್ತು ಬಿಳಿ ಗೌನ್ ಗೋಡೆಯ ಬಣ್ಣವನ್ನು ಕಾಂಜೀವರಂಗಿಂತ ಬೇಗ ಹೀರಿಕೊಳ್ಳುತ್ತದೆ. ಗೌನನ್ನು ಕಿಟಕಿಯ ಸರಳಿಗೆ ನೇತುಹಾಕಿ ತೆಗೆಯಬೇಕೆಂದರೆ ಸರಳಿನ ತುಕ್ಕನ್ನು ಮೊದಲು ಒರೆಸಿ. ಸಮುದ್ರದ ಗಾಳಿಗೆ ಇಲ್ಲಿಯ ಯಾವ ಸರಳೂ ಸ್ವಚ್ಛವಾಗಿರುವುದಿಲ್ಲ.

ಫೋಟೋಗ್ರಾಫರ್ ಜೊತೆ ಒಪ್ಪಂದ ಮಾಡುವಾಗ ಎರಡು ವಿಷಯ ಕಾಗದದಲ್ಲಿರಲಿ. ಕ್ಯಾಮೆರಾ ಒಮ್ಮೆಗೆ ಎರಡು ಕಾರ್ಡ್‌ಗಳಲ್ಲಿ ಬರೆಯುವಂಥದ್ದಾಗಿರಬೇಕು, ಮತ್ತು ಅಂದು ರಾತ್ರಿ ಮಲಗುವ ಮೊದಲು ಎಲ್ಲ ಚಿತ್ರಗಳೂ ಇನ್ನೊಂದು ಕಡೆಗೆ ನಕಲಾಗಬೇಕು. ಅಲಂಕಾರದ ಕೋಣೆಯ ಯಾವ ಚಿತ್ರವನ್ನೂ ನೀವು ನೋಡಿ ಒಪ್ಪದೆ ಅವರ ಪುಟದಲ್ಲಿ ಹಾಕಬಾರದು.

ಕೊನೆಯದಾಗಿ ಅಮ್ಮನ ವಿಷಯ. ನಿಮ್ಮ ಪತ್ರದಲ್ಲಿ ಇಲ್ಲದಿದ್ದರೂ ನಾನು ಪ್ರತಿ ಮನೆಯಲ್ಲೂ ಹೇಳುವ ಮಾತಿದು. ಮಗಳ ಸೆರಗು ಸರಿಪಡಿಸುವ, ಬೊಟ್ಟು ಇಡುವ, ಹೂ ಮುಡಿಸುವ ಚಿತ್ರಗಳಲ್ಲಿ ಅಮ್ಮನೇ ಇರಬೇಕು, ಆದರೆ ಆ ಹೊತ್ತಿಗೆ ಅಮ್ಮ ಇನ್ನೂ ನೈಟಿಯಲ್ಲೋ ಅಡುಗೆಮನೆಯ ಸೀರೆಯಲ್ಲೋ ಇರುತ್ತಾರೆ, ಒಂದು ಕೈಯಲ್ಲಿ ಕಪಾಟಿನ ಬೀಗದ ಕೈ, ಇನ್ನೊಂದರಲ್ಲಿ ಯಾರದೋ ಚಹಾ. ಕ್ಯಾಮೆರಾ ತಿರುಗಿದ ಕೂಡಲೇ ಬಾಗಿಲ ಹಿಂದೆ ಸರಿಯುತ್ತಾರೆ. ಕ್ಯಾಮೆರಾ ಬೇಡ ಎನ್ನುವ ಅನೇಕ ಅಮ್ಮಂದಿರ ಮನಸ್ಸಿನಲ್ಲಿ ಇದೂ ಇರುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಹಾಗಾಗಿ ಮೇಕಪ್‌ನವರಲ್ಲಿ ಒಬ್ಬ ಸಹಾಯಕಿಯನ್ನು ಹೆಚ್ಚಿಗೆ ಕೇಳಿ, ಅಮ್ಮನ ಕೂದಲು ಮತ್ತು ಸೀರೆ ಏಳು ಗಂಟೆಯೊಳಗೆ ಮುಗಿಯುವಂತೆ ಮಾಡಿ. ಬೀಗದ ಕೈಯನ್ನೂ ಚಹಾದ ಜವಾಬ್ದಾರಿಯನ್ನೂ ಆರು ಗಂಟೆಗೇ ಅತ್ತೆಗೆ ವಹಿಸಿಬಿಡಿ, ಮತ್ತು 8.15ಕ್ಕೆ ಕಿಟಕಿಯ ಬಳಿ ನಿಮ್ಮ ಕುರ್ಚಿಯ ಪಕ್ಕದಲ್ಲಿ ಒಂದು ಸ್ಟೂಲ್ ಅಮ್ಮನಿಗಾಗಿ ಹಾಕಿಸಿಡಿ.